ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು: ಓಟು ಹಾಕುವವರಿಗೆ ಹಂತ ಹಂತದ ಮಾಹಿತಿ

ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಬಾಗಿಲಲ್ಲಿ ಒಂದು ಮಾತು ಕೇಳಿಬರುತ್ತದೆ. 'ಕಾರ್ಡ್ ಇದೆ ನೋಡಿ, ಹೋದ ಸಲ ಇಲ್ಲೇ ಓಟು ಹಾಕಿದ್ದೆ. ಈಗ ಹೆಸರೇ ಇಲ್ಲ ಅಂದ್ರೆ ಹೇಗೆ ಸರ್?' ಕೇಳುವವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಹೊತ್ತಿನಲ್ಲಿ ಬೂತಿನಲ್ಲಿ ಕೂತ ಯಾರಿಗೂ ಏನೂ ಮಾಡಲು ಆಗುವುದಿಲ್ಲ. ನಮ್ಮಲ್ಲಿ ಓಟು ಹಾಕಲು ಬಿಡುವುದು ಮತದಾರರ ಪಟ್ಟಿಯನ್ನು ನೋಡಿ. ಕಾರ್ಡ್ ಬೇಕಾಗುವುದು ನೀವು ಯಾರು ಅಂತ ತೋರಿಸುವುದಕ್ಕೆ ಮಾತ್ರ. ನಾಮಪತ್ರ ಸಲ್ಲಿಸುವ ಕೊನೇ ದಿನದ ಗಡುವು ಮುಗಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಒಂದು ಹೆಸರು ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. 1950ರ ಜನಪ್ರತಿನಿಧಿ ಕಾಯ್ದೆಯಲ್ಲೇ ಹೀಗಿದೆ.

ಹಾಗಾಗಿ ಓಟಿನ ಕೆಲಸ ಶುರುವಾಗುವುದು ಮತದಾನದ ದಿನಕ್ಕಿಂತ ಎಷ್ಟೋ ತಿಂಗಳು ಮುಂಚೆ. ಅಲ್ಲಿಂದಲೇ ಶುರು ಮಾಡೋಣ.

ಯಾರಿಗೆ ಹಕ್ಕಿದೆ?

ಸಂವಿಧಾನದ 326ನೇ ವಿಧಿ ಹೇಳುವುದು ಸರಳವಾಗಿದೆ. ಭಾರತದ ಪ್ರಜೆಯಾಗಿರಬೇಕು, 18 ವರ್ಷ ತುಂಬಿರಬೇಕು. ಮೊದಲು ಇದು 21 ಇತ್ತು. 61ನೇ ತಿದ್ದುಪಡಿ ಅದನ್ನು ಇಳಿಸಿತು, 1989ರಿಂದ ಜಾರಿಗೆ ಬಂತು. ಓದು, ಆಸ್ತಿ, ಜಾತಿ, ಗಂಡು ಹೆಣ್ಣು ಯಾವುದೂ ಇಲ್ಲಿ ಅಡ್ಡ ಬರುವುದಿಲ್ಲ. ಮೊದಲ ಸಾರ್ವತ್ರಿಕ ಚುನಾವಣೆಯಿಂದಲೇ ಎಲ್ಲರಿಗೂ ಒಟ್ಟಿಗೆ ಓಟು ಸಿಕ್ಕ ದೇಶ ನಮ್ಮದು. ಇದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳಬೇಕು.

ಆದರೆ ಆ ಮೊದಲ ಚುನಾವಣೆಯಲ್ಲೂ ಪಟ್ಟಿಯ ಸಮಸ್ಯೆ ಬಂತು. ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲು ಹಿಂಜರಿದರು. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಣ್ಣುಮಕ್ಕಳು 1951-52ರ ಪಟ್ಟಿಯಿಂದ ಹೊರಗುಳಿದರು. ಹಕ್ಕು ಇತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಮುಂದಿನ ಚುನಾವಣೆಗಳಲ್ಲಿ ಇದು ಸರಿಹೋಯಿತು ನಿಜ. ಆದರೆ ಆ ವರ್ಷ ಆ 28 ಲಕ್ಷ ಓಟುಗಳು ಬೀಳಲೇ ಇಲ್ಲ.

ಹಂತ 1: ಹೆಸರು ಇದೆಯಾ ನೋಡಿ

ಇದನ್ನು ಇವತ್ತೇ ಮಾಡಬಹುದು. ಚುನಾವಣಾ ಆಯೋಗದ ಜಾಲತಾಣದಲ್ಲಿ ಎಪಿಕ್ ಸಂಖ್ಯೆ ಹಾಕಿ ಹುಡುಕಿ. ಎಪಿಕ್ ಅಂದರೆ ಓಟರ್ ಕಾರ್ಡಿನ ಮೇಲಿರುವ ನಂಬರು, ಮೂರು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿ. ನಂಬರು ಗೊತ್ತಿಲ್ಲದಿದ್ದರೆ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಕ್ಷೇತ್ರ ಕೊಟ್ಟೂ ಹುಡುಕಬಹುದು. ಫೋನ್ ಮಾಡುವುದೇ ಸುಲಭ ಅನ್ನುವವರಿಗೆ 1950 ಸಹಾಯವಾಣಿ ಇದೆ.

ಹೆಸರು ಸಿಕ್ಕರೆ ಎರಡು ಅಂಕಿ ಬರೆದಿಟ್ಟುಕೊಳ್ಳಿ: ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಬೂತಿನಲ್ಲಿ ನಿಮ್ಮ ಹೆಸರನ್ನು ಬೇಗ ಹುಡುಕುವುದು ಇವುಗಳಿಂದಲೇ. ಹಾಗೇ ಮನೆಯವರೆಲ್ಲರ ಹೆಸರನ್ನೂ ನೋಡಿಬಿಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ತೀರಿಕೊಂಡ ಅಜ್ಜನ ಹೆಸರು ಇನ್ನೂ ಇಲ್ಲಿರುತ್ತದೆ. ಎರಡೂ ಸರಿಯಾಗಬೇಕು.

ಹಂತ 2: ಹೆಸರು ಇಲ್ಲದಿದ್ದರೆ, ಅಥವಾ ಮನೆ ಬದಲಾಗಿದ್ದರೆ

ಹೊಸದಾಗಿ ಸೇರಲು ಫಾರಂ 6. ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಈ ಪದ್ಧತಿ ಬಂದದ್ದು 2022ರಲ್ಲಿ. ಅದಕ್ಕೆ ಮುಂಚೆ ಜನವರಿ 1 ಮಾತ್ರ ಇತ್ತು. ಜನವರಿ 2ಕ್ಕೆ 18 ತುಂಬಿದವರು ಮುಂದಿನ ವರ್ಷದ ತನಕ ಕಾಯಬೇಕಿತ್ತು. ಈಗ 17 ತುಂಬಿದವರೂ ಮುಂಚಿತವಾಗಿ ಅರ್ಜಿ ಹಾಕಿಡಬಹುದು. ಪಿಯುಸಿ ಓದುವ ಮಗ, ಮಗಳು ಮನೆಯಲ್ಲಿದ್ದರೆ ಒಂದು ಸಂಜೆ ಕೂತು ತುಂಬಿಸಿಬಿಡಿ.

ಫೋಟೊ ಬೇಕು. ವಯಸ್ಸಿಗೆ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಇಂಥವು ಆಗುತ್ತವೆ. ವಿಳಾಸಕ್ಕೆ ಕರೆಂಟ್ ಬಿಲ್, ಪಾಸ್‌ಬುಕ್, ನೋಂದಣಿಯಾದ ಬಾಡಿಗೆ ಕರಾರು ಪತ್ರ. ಸ್ವಂತ ಮನೆ ಇರಬೇಕೆಂದಿಲ್ಲ. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿ ಊರಿನಲ್ಲೋ ಹಾಸ್ಟೆಲ್ ಇರುವ ಕಡೆಯೋ ಒಂದು ಕಡೆ ಆಯ್ಕೆ ಮಾಡಿಕೊಳ್ಳಬಹುದು. ಸೂರೇ ಇಲ್ಲದವರಿಗೂ ದಾರಿ ಇದೆ: ಅವರು ಮಲಗುವ ಜಾಗವನ್ನು ಹೇಳಿದರೆ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ರಾತ್ರಿ ಹೊತ್ತು ಹೋಗಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ವಿಳಾಸದ ದಾಖಲೆ ಕೇಳುವಂತಿಲ್ಲ. ನಮ್ಮ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಇದು. ಫುಟ್‌ಪಾತಿನ ಮೇಲೆ ಮಲಗಿದವನೂ ಮತದಾರ ಅಂತ ಬರೆದಿಟ್ಟಿದ್ದಾರಲ್ಲ.

ಬಿಎಲ್‌ಒ ಆಗಿರುವವರು ಹೆಚ್ಚಾಗಿ ನಿಮ್ಮ ಊರಿನ ಶಾಲೆ ಟೀಚರ್, ಅಂಗನವಾಡಿ ಕಾರ್ಯಕರ್ತೆ ಇಂಥವರು. ಅರ್ಜಿ ಹಾಕಿದ ಮೇಲೆ ಅವರು ಮನೆಗೆ ಬಂದು ಪರಿಶೀಲಿಸುತ್ತಾರೆ. ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಈ ಲೆಕ್ಕ ನೆನಪಿರಲಿ, ಕೊನೇ ಗಳಿಗೆಯಲ್ಲಿ ಹಾಕಿದ ಅರ್ಜಿ ಆ ಚುನಾವಣೆಗೆ ಉಪಯೋಗಕ್ಕೆ ಬರುವುದಿಲ್ಲ.

ಮನೆ ಬದಲಿಸಿದವರಿಗೆ, ಹೆಸರೋ ಫೋಟೊನೋ ತಪ್ಪಾಗಿರುವವರಿಗೆ, ಕಾರ್ಡ್ ಕಳೆದುಕೊಂಡವರಿಗೆ ಎಲ್ಲಕ್ಕೂ ಫಾರಂ 8. ಊರು ಬದಲಿಸಿದವರು ಹೊಸ ಕಡೆ ಮತ್ತೆ ಫಾರಂ 6 ಹಾಕಬೇಡಿ. ಎರಡು ಕಡೆ ಹೆಸರಿಡುವುದು ಕಾನೂನಿಗೆ ವಿರುದ್ಧ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದ ತನಕ ಜೈಲು ಇದೆ.

ಅರ್ಜಿ ತಿರಸ್ಕಾರವಾದರೆ ಸುಮ್ನೆ ಕೂರಬೇಡಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಗುಳೆ ಹೋದವರ ಮಾತು

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರು, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ಕುಟುಂಬಗಳು ಸಾವಿರಾರು. ಪರಿಶೀಲನೆಗೆ ಬಂದ ದಿನ ಮನೆಗೆ ಬೀಗ. 'ಇಲ್ಲಿಲ್ಲ' ಅಂತ ಬರೆದುಕೊಂಡು ಹೋಗುತ್ತಾರೆ. ಆದರೆ ಕಾನೂನು ಇಲ್ಲಿ ಸ್ಪಷ್ಟವಾಗಿದೆ: ಸ್ವಲ್ಪ ಕಾಲ ಊರು ಬಿಟ್ಟು ಹೋದ ಮಾತ್ರಕ್ಕೆ ಒಬ್ಬರು ಆ ಊರಿನ ವಾಸಿ ಅಲ್ಲ ಅಂತ ಆಗುವುದಿಲ್ಲ. ಊರಿನಲ್ಲಿರುವ ನೆಂಟರು, ಅಕ್ಕಪಕ್ಕದವರು ಬಿಎಲ್‌ಒ ಬಂದಾಗ ಇದನ್ನು ಹೇಳಬೇಕು. 'ಹಬ್ಬಕ್ಕೆ ಬರ್ತಾರೆ, ಬಿತ್ತನೆಗೆ ಬರ್ತಾರೆ, ಮನೆ ಇಲ್ಲೇ ಇದೆ' ಅಂತ ಒಂದು ಮಾತು ಹೇಳಿದರೆ ಒಂದು ಕುಟುಂಬದ ಓಟುಗಳು ಉಳಿಯುತ್ತವೆ.

ದುಡಿಯುವ ಊರಿನಿಂದಲೇ ತನ್ನ ಊರಿನ ಓಟು ಹಾಕುವ ವ್ಯವಸ್ಥೆ ಇನ್ನೂ ಬಂದಿಲ್ಲ. 72 ಕ್ಷೇತ್ರಗಳ ಓಟನ್ನು ಒಂದೇ ಬೂತಿನಲ್ಲಿ ಪಡೆಯಬಲ್ಲ ಯಂತ್ರದ ಮಾದರಿಯನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಅದು ಬಳಕೆಗೆ ಬರಲಿಲ್ಲ. ಅಲ್ಲಿಯ ತನಕ ಬಸ್ ಹತ್ತಿ ಊರಿಗೆ ಬರಲೇಬೇಕು. ಇದು ಬಡವರ ಮೇಲೆ ಬೀಳುವ ಹೊರೆ ಅನ್ನುವುದು ನನ್ನ ಅಭಿಪ್ರಾಯ.

ಹಂತ 3: ಹೆಸರು ಉಳಿದಿದೆಯಾ ಅಂತ ಮತ್ತೆ ನೋಡಿ

ಒಮ್ಮೆ ಸೇರಿದ ಹೆಸರು ಹಾಗೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಹೆಸರು ತೆಗೆಸಲು ಫಾರಂ 7 ಇದೆ. ತೀರಿಕೊಂಡವರ ಹೆಸರು ತೆಗೆಸಲು ಅದು ಬೇಕೇ ಬೇಕು. ಆದರೆ ದುರುಪಯೋಗವೂ ಆಗುತ್ತದೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಹೆಸರು ತೆಗೆಯಿರಿ ಅಂತ 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಉಳಿದ 5,994 ತಿರಸ್ಕಾರವಾದವು, ಪೊಲೀಸರಿಗೆ ದೂರೂ ಹೋಯಿತು. ಅಲ್ಲಿ ಪರಿಶೀಲನೆ ನಡೆದದ್ದರಿಂದ ಆ ಹೆಸರುಗಳು ಉಳಿದವು.

ನಿಮಗೆ ತಿಳಿಸದೆ, ಹೇಳಿಕೊಳ್ಳಲು ಅವಕಾಶ ಕೊಡದೆ ನೀವು ಊರು ಬಿಟ್ಟಿದ್ದೀರಿ ಅಂತ ಹೆಸರು ತೆಗೆಯುವಂತಿಲ್ಲ. ನೋಟಿಸ್ ಬಂದರೆ ಉತ್ತರ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ. ಕರಡು ಪಟ್ಟಿ ಪ್ರಕಟವಾದಾಗಲೆಲ್ಲ ಒಮ್ಮೆ ಕಣ್ಣಾಡಿಸಿ. 2025ರಲ್ಲಿ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ ಸುಮಾರು 65 ಲಕ್ಷ ಹೆಸರುಗಳು ಕರಡು ಪಟ್ಟಿಗೆ ಬರಲಿಲ್ಲ. ಆ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕಾರಣ ಗೊತ್ತಾದರೆ ತಾನೇ ಆಕ್ಷೇಪಣೆ ಹಾಕಲು ಆಗುವುದು?

ಹಂತ 4: ನಿಂತವರು ಯಾರು?

ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಫಾರಂ 26 ಅಂತ ಒಂದು ಅಫಿಡವಿಟ್ ಕೊಡಬೇಕು. ಕ್ರಿಮಿನಲ್ ಕೇಸು, ತನ್ನ ಮತ್ತು ಹೆಂಡತಿಯ ಅಥವಾ ಗಂಡನ ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿರುತ್ತದೆ. ಇದು ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಪೂರ್ತಿ ಓದಲು ಸಮಯವಿಲ್ಲದಿದ್ದರೆ ಕೇಸುಗಳ ಪುಟ ಮತ್ತು ಸಾಲದ ಪುಟ, ಈ ಎರಡನ್ನಾದರೂ ನೋಡಿ.

ಹಂತ 5: ಮತದಾನದ ದಿನ

ಓಟರ್ ಕಾರ್ಡ್ ಇಲ್ಲದಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ಓಟು ಹಾಕಬಹುದು. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್, ಹೀಗೆ ಬೇರೆ ದಾಖಲೆಗಳೂ ನಡೆಯುತ್ತವೆ. ಮನೆಗೆ ಬರುವ ಓಟರ್ ಸ್ಲಿಪ್ ಒಂದೇ ಇದ್ದರೆ ಆಗುವುದಿಲ್ಲ. 2019ರಿಂದ ಅದನ್ನು ಗುರುತಿನ ದಾಖಲೆ ಅಂತ ಒಪ್ಪುವುದಿಲ್ಲ. ಮೊಬೈಲ್ ಒಳಗೆ ಬಿಡುವುದಿಲ್ಲ, ಆದ್ದರಿಂದ ಫೋನಿನಲ್ಲಿರುವ ಆಧಾರ್ ಫೋಟೊ ನಂಬಿಕೊಂಡು ಹೋಗಬೇಡಿ.

ಕೆಲಸಕ್ಕೆ ಹೋಗುವವರಿಗೆ ಆ ದಿನ ಸಂಬಳ ಸಹಿತ ರಜೆ. ಅಂಗಡಿ, ಕಾರ್ಖಾನೆ, ದಿನಗೂಲಿ ಎಲ್ಲರಿಗೂ ಇದು ಅನ್ವಯ. ಗೈರುಹಾಜರಾದರೆ ಅಪಾಯವೋ ದೊಡ್ಡ ನಷ್ಟವೋ ಆಗುವಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ರಜೆ ಕೊಡದ ಮಾಲೀಕರಿಗೆ ದಂಡ ಇದೆ, ಆದರೆ 500 ರೂಪಾಯಿಯ ತನಕ ಮಾತ್ರ. ಈ ದಂಡ ತುಂಬಾ ಕಡಿಮೆಯಾಯಿತು, ಏರಿಸಬೇಕು.

ಬೂತಿನೊಳಗೆ ಮೂರು ಮೇಜು ದಾಟಬೇಕು. ಮೊದಲ ಮತಗಟ್ಟೆ ಅಧಿಕಾರಿ ನಿಮ್ಮ ಕ್ರಮ ಸಂಖ್ಯೆ, ಹೆಸರನ್ನು ಜೋರಾಗಿ ಓದುತ್ತಾರೆ. ಪಕ್ಕದಲ್ಲಿ ಕೂತ ಪಕ್ಷಗಳ ಏಜೆಂಟರು ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಜೋರಾಗಿ ಓದುವುದು ಯಾಕೆ ಅಂದರೆ, ಬೇರೆಯವರ ಹೆಸರಿನಲ್ಲಿ ಯಾರಾದರೂ ಬಂದಿದ್ದರೆ ಅಲ್ಲೇ ಸಿಕ್ಕಿಬೀಳಲಿ ಅಂತ.

ಎರಡನೇ ಮೇಜಿನಲ್ಲಿ ಎಡಗೈ ತೋರುಬೆರಳಿಗೆ ಶಾಯಿ. ಉಗುರಿನ ತುದಿಯಿಂದ ಮೊದಲ ಗೆಣ್ಣಿನ ತನಕ ಒಂದು ಗೆರೆ. ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಇಲ್ಲಿಂದಲೇ ಹೋಗುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮದ ಉಪ್ಪಿನ ಜೊತೆ ಸೇರಿ ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಸೋಪು, ಎಣ್ಣೆ ಯಾವುದಕ್ಕೂ ಜಗ್ಗುವುದಿಲ್ಲ, ಚರ್ಮ ಉಗುರು ಬೆಳೆದು ಹೊರಹೋಗುವ ತನಕ ಇರುತ್ತದೆ. ಶಾಯಿ ಬೇಡ ಅಂದವರಿಗೆ ಓಟು ಹಾಕಲು ಬಿಡುವುದಿಲ್ಲ. ಅದೇ ಮೇಜಿನಲ್ಲಿ 17ಎ ಅನ್ನುವ ರಿಜಿಸ್ಟರಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಒಂದು ಚೀಟಿ ಪಡೆಯುತ್ತೀರಿ.

ಮೂರನೇ ಅಧಿಕಾರಿ ಆ ಚೀಟಿ ತೆಗೆದುಕೊಂಡು, ಬೆರಳು ನೋಡಿ, ಕಂಟ್ರೋಲ್ ಯೂನಿಟ್‌ನ ಬ್ಯಾಲೆಟ್ ಬಟನ್ ಒತ್ತುತ್ತಾರೆ. ಆಗ ಮಾತ್ರ ನಿಮ್ಮ ಕಡೆಯ ಯಂತ್ರದಲ್ಲಿ ಹಸಿರು ದೀಪ ಬರುತ್ತದೆ. ನೀಲಿ ಬಟನ್ ಒತ್ತಿದರೆ ಅಭ್ಯರ್ಥಿಯ ಹೆಸರಿನ ಎದುರು ಕೆಂಪು ದೀಪ. ಪಕ್ಕದಲ್ಲಿ ಓಟಿನ ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಕ್ರಮ ಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ 7 ಸೆಕೆಂಡ್ ಕಾಣುತ್ತದೆ, ಆಮೇಲೆ ಡಬ್ಬಿಗೆ ಬೀಳುತ್ತದೆ. ಉದ್ದನೆಯ ಬೀಪ್ ಕೇಳಿಸಿದರೆ ಓಟು ಬಿತ್ತು ಅಂತ. ಆ 7 ಸೆಕೆಂಡ್ ದಯವಿಟ್ಟು ಅಲ್ಲೇ ನಿಂತು ನೋಡಿ. ನಿಮ್ಮ ಓಟು ಎಲ್ಲಿಗೆ ಹೋಯಿತು ಅಂತ ನಿಮ್ಮ ಕಣ್ಣಿಂದಲೇ ನೋಡಲು ಇರುವ ಅವಕಾಶ ಅದೊಂದೇ.

ಯಾರೂ ಬೇಡ ಅನ್ನಿಸಿದರೆ ಕೊನೆಯಲ್ಲಿ ನೋಟಾ ಇದೆ, 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. ಆದರೆ ನೋಟಾಗೆ ಎಷ್ಟೇ ಓಟು ಬಿದ್ದರೂ ಅಭ್ಯರ್ಥಿಗಳಲ್ಲಿ ಜಾಸ್ತಿ ಓಟು ಪಡೆದವರೇ ಗೆಲ್ಲುತ್ತಾರೆ.

ಮತದಾನ ಮುಗಿಯುವ ಹೊತ್ತಿಗೆ ನೀವು ಸಾಲಿನಲ್ಲಿದ್ದರೆ ಎಷ್ಟೇ ತಡವಾದರೂ ಓಟು ನಿಮ್ಮದೇ. ಅಧಿಕಾರಿ ಸಾಲಿನ ಕೊನೆಯಿಂದ ಮುಂದಕ್ಕೆ ಚೀಟಿ ಕೊಡುತ್ತಾ ಬರುತ್ತಾರೆ, ಆಮೇಲೆ ಬಂದವರು ಹಿಂದೆ ಸೇರಿಕೊಳ್ಳಬಾರದು ಅಂತ. 'ಟೈಮ್ ಆಯ್ತು, ಹೋಗಿ' ಅಂದರೆ ಹೋಗಬೇಡಿ.

ಏನಾದರೂ ಎಡವಟ್ಟಾದರೆ

ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲದ ಭಾಗ. ಗೊತ್ತಿದ್ದರೆ ಬೂತಿನಿಂದ ಬರಿಗೈಯಲ್ಲಿ ವಾಪಸ್ ಬರುವುದು ತಪ್ಪುತ್ತದೆ.

'ನಿಮ್ಮ ಓಟು ಆಗಲೇ ಬಿದ್ದಿದೆ' ಅಂದರೆ? ಮತಗಟ್ಟೆಯ ಅಧ್ಯಕ್ಷಾಧಿಕಾರಿಯನ್ನು ಕೇಳಿ, ಟೆಂಡರ್ಡ್ ಓಟು ಬೇಕು ಅನ್ನಿ. ಅವರು ನಿಮ್ಮನ್ನು ಕೆಲವು ಪ್ರಶ್ನೆ ಕೇಳಿ, ನೀವು ನೀವೇ ಅಂತ ಖಾತ್ರಿಯಾದರೆ ಕಾಗದದ ಮತಪತ್ರ ಕೊಡುತ್ತಾರೆ. 17ಬಿ ಅನ್ನುವ ಪಟ್ಟಿಗೆ ನೀವು ಸಹಿ ಹಾಕಬೇಕು. ಆ ಮತಪತ್ರ ಬೇರೆ ಲಕೋಟೆಗೆ ಹೋಗುತ್ತದೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಫಲಿತಾಂಶದ ಮೇಲೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿ ಹೋಗಿ, ಕೋರ್ಟ್ ಹೇಳಿದರೆ ಆಗ ಲೆಕ್ಕಕ್ಕೆ ಬರುತ್ತದೆ. ಹಾಗಾದರೆ ಏನು ಪ್ರಯೋಜನ ಅನ್ನಿಸಬಹುದು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟಿನ ಅಂತರ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಇಂಥ ಕಡೆ ಒಂದು ಲಕೋಟೆಯಲ್ಲಿರುವ ಮತಪತ್ರಕ್ಕೂ ಬೆಲೆ ಇದೆ.

ನಿಮ್ಮ ಹೆಸರು ಎಎಸ್‌ಡಿ ಪಟ್ಟಿಯಲ್ಲಿದೆ ಅನ್ನಬಹುದು. ಅಂದರೆ ಗೈರು, ಸ್ಥಳಾಂತರ, ಮರಣ ಅಂತ ಗುರುತಿಸಿದವರ ಪಟ್ಟಿ. ಅದರಲ್ಲಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ದಾಖಲೆ ತೋರಿಸಿ, ಸಹಿಯ ಜೊತೆ ಹೆಬ್ಬೆಟ್ಟೂ ಹಾಕಿ ಓಟು ಹಾಕಬಹುದು.

ಏಜೆಂಟ್ ಒಬ್ಬರು 'ಇವರು ಅವರಲ್ಲ' ಅಂತ ತಕರಾರು ತೆಗೆದರೆ, ಮೊದಲು ಅವರು ಎರಡು ರೂಪಾಯಿ ಕಟ್ಟಬೇಕು. ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಣೆ ಮಾಡುತ್ತಾರೆ. ತಕರಾರು ಸಾಬೀತು ಮಾಡುವ ಹೊಣೆ ತಕರಾರು ತೆಗೆದವರದ್ದು.

ವಿವಿಪ್ಯಾಟ್ ಚೀಟಿಯಲ್ಲಿ ಬೇರೆ ಹೆಸರು ಬಂತು ಅಂದರೆ ಕೂಡಲೇ ಹೇಳಿ. ಲಿಖಿತ ಘೋಷಣೆ ಪಡೆದು, ಏಜೆಂಟರ ಎದುರಿಗೇ ಒಂದು ಪರೀಕ್ಷಾ ಓಟು ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳಾದರೆ ಕೇಸು ಬೀಳುತ್ತದೆ, ಆದ್ದರಿಂದ ಕಣ್ಣಾರೆ ಕಂಡಿದ್ದರೆ ಮಾತ್ರ ಹೇಳಿ.

ಬೂತಿಗೆ ಬರಲಾಗದವರು, ದೂರ ಇರುವವರು

85 ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಓಟು ಹಾಕಬಹುದು. ಚುನಾವಣಾ ಅಧಿಸೂಚನೆ ಬಂದ ಐದು ದಿನದೊಳಗೆ ಫಾರಂ 12ಡಿ ಕೊಡಬೇಕು. ಈ ಗಡುವು ತುಂಬಾ ಚಿಕ್ಕದು, ಮನೆಯವರು ಮೊದಲೇ ಬಿಎಲ್‌ಒ ಹತ್ತಿರ ಹೇಳಿಟ್ಟಿರಿ. ಸಿಬ್ಬಂದಿ ಮತಪತ್ರ ಹಿಡಿದು ಮನೆಗೆ ಬರುತ್ತಾರೆ. ಒಮ್ಮೆ ಇದನ್ನು ಆಯ್ದುಕೊಂಡರೆ ಆಮೇಲೆ ಬೂತಿಗೆ ಹೋಗಿ ಹಾಕಲು ಆಗುವುದಿಲ್ಲ. ಬೂತಿಗೇ ಬರುತ್ತೇನೆ ಅನ್ನುವ ಕಣ್ಣು ಕಾಣದವರು, ಅಶಕ್ತರು 18 ದಾಟಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಯಂತ್ರದಲ್ಲಿ ಬ್ರೈಲ್ ಅಂಕಿಗಳೂ ಇವೆ.

ದುಬೈ, ಮಸ್ಕತ್, ಅಮೆರಿಕ ಅಂತ ಹೊರಗಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಫಾರಂ 6ಎ ಹಾಕಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು. ಓಟು ಹಾಕಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ಬೇರೆ ದೇಶದ ಪೌರತ್ವ ಪಡೆದವರಿಗೆ ಓಟಿಲ್ಲ.

ಓಟು ಬಿದ್ದ ಮೇಲೆ

ಮತದಾನ ಮುಗಿದ ಕೂಡಲೇ ಆ ಬೂತಿನಲ್ಲಿ ಎಷ್ಟು ಓಟು ಬಿತ್ತು ಅಂತ 17ಸಿ ಅನ್ನುವ ಫಾರಂನಲ್ಲಿ ಬರೆದು, ಅದರ ಪ್ರತಿಯನ್ನು ಏಜೆಂಟರಿಗೆ ಕೊಡುತ್ತಾರೆ. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಸಂಖ್ಯೆಯನ್ನು ಇದರ ಜೊತೆ ತಾಳೆ ನೋಡುತ್ತಾರೆ. ಎಣಿಕೆ ಅಂಚೆ ಮತಗಳಿಂದ ಶುರು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಬೂತಿನ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಿ ಹೋಲಿಸುತ್ತಾರೆ. ಇದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಎಲ್ಲರಿಗಿಂತ ಜಾಸ್ತಿ ಓಟು ಪಡೆದವರು ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಬೇಕೆಂದಿಲ್ಲ. ಇಬ್ಬರಿಗೂ ಸಮ ಬಂದರೆ ಲಾಟರಿ ಎತ್ತುತ್ತಾರೆ.

ಪಂಚಾಯಿತಿ, ಪದವೀಧರ ಕ್ಷೇತ್ರ

ಗ್ರಾಮ ಪಂಚಾಯಿತಿ, ಪುರಸಭೆ, ಪಾಲಿಕೆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆಯೇ ಸಂಸ್ಥೆ. ವಿಧಾನಸಭೆಯ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ವಾರ್ಡುವಾರು ಪಟ್ಟಿ ಮಾಡುತ್ತಾರೆ. ಹಂಚುವಾಗ ಮನೆಯ ಒಬ್ಬರು ಒಂದು ವಾರ್ಡಿಗೆ, ಇನ್ನೊಬ್ಬರು ಪಕ್ಕದ ವಾರ್ಡಿಗೆ ಹೋಗಿರುವುದುಂಟು. ವಾರ್ಡ್ ಕರಡು ಬಂದಾಗ ನೋಡಿಕೊಳ್ಳಿ.

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರ ಕ್ಷೇತ್ರಗಳು, 7 ಶಿಕ್ಷಕರ ಕ್ಷೇತ್ರಗಳು. ಇವುಗಳಿಗೆ ಪ್ರತಿ ಸಲ ಹೊಸದಾಗಿ ಪಟ್ಟಿ ಮಾಡುತ್ತಾರೆ. ಆರು ವರ್ಷದ ಹಿಂದೆ ಹೆಸರಿದ್ದವರೂ ಮತ್ತೆ ಅರ್ಜಿ ಹಾಕಬೇಕು. ಅರ್ಹತಾ ದಿನಾಂಕ ನವೆಂಬರ್ 1. ಅದಕ್ಕೆ ಮೂರು ವರ್ಷ ಮುಂಚೆ ಪದವಿ ಮುಗಿದಿರಬೇಕು. ಪದವೀಧರರಿಗೆ ಫಾರಂ 18, ಶಿಕ್ಷಕರಿಗೆ ಫಾರಂ 19. ಇಲ್ಲಿ ಬಟನ್ ಇಲ್ಲ, ಕಾಗದದ ಮತಪತ್ರದಲ್ಲಿ ಅಭ್ಯರ್ಥಿಗಳ ಮುಂದೆ 1, 2, 3 ಅಂತ ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಟಿಕ್ ಹಾಕಿದರೆ ಓಟು ತಿರಸ್ಕಾರವಾಗುತ್ತದೆ.